ಪ್ರತಿ: ಅಸ್ತಮಾಗೆ ಬ್ಯಾಕ್ಟೀರಿಯಾ ಕಾರಣವಾ?

ನಿಮ್ಮ ಆರು ವರ್ಷದ ಮಗನಿಗೆ ಉಬ್ಬಸ ಬಂದಾಗೆಲ್ಲ ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಸತ್ತು ಅಸ್ತಮಾ ಹೋಗುತ್ತಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ.

ಆರೋಗ್ಯವಾಗಿರುವ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾನೇ ಇರಲ್ಲ ಅಂತ ತುಂಬಾ ವರ್ಷ ನಂಬಿದ್ದರು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶ್ವಾಸನಾಳದ ಮಾದರಿಗಳ ಡಿಎನ್‌ಎ ನೋಡಿದಾಗ ಎಲ್ಲರಲ್ಲೂ ಸಿಕ್ಕವು. ಆದರೆ ಅಸ್ತಮಾ ಇದ್ದವರಲ್ಲಿ ಹೀಮೋಫಿಲಸ್ ಥರದ ಬ್ಯಾಕ್ಟೀರಿಯಾ ಜಾಸ್ತಿ, ಇಲ್ಲದವರಲ್ಲಿ ಪ್ರಿವೊಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಜಾಸ್ತಿ. ಅದಕ್ಕೂ ಮೊದಲು, 2007ರಲ್ಲಿ, ಡೆನ್ಮಾರ್ಕಿನಲ್ಲಿ ಅಸ್ತಮಾ ಇರುವ ತಾಯಂದಿರ ಒಂದು ತಿಂಗಳ ಕೂಸುಗಳನ್ನು ಪರೀಕ್ಷಿಸಿದ್ದರು. ಗಂಟಲಲ್ಲಿ ನ್ಯುಮೋಕಾಕಸ್, ಹೀಮೋಫಿಲಸ್, ಮೊರಾಕ್ಸೆಲ್ಲಾ ಇದ್ದ ಮಕ್ಕಳಿಗೆ ಐದು ವರ್ಷಕ್ಕೆ ಅಸ್ತಮಾ ಜಾಸ್ತಿ ಕಂಡಿತು. ಆದರೆ ಈ ಬ್ಯಾಕ್ಟೀರಿಯಾ ಅಸ್ತಮಾ ತಂದವಾ, ಅಥವಾ ಮೊದಲೇ ಸೂಕ್ಷ್ಮವಾಗಿದ್ದ ಶ್ವಾಸನಾಳದಲ್ಲಿ ಸುಲಭವಾಗಿ ಮನೆ ಮಾಡಿಕೊಂಡವಾ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ ಅಲ್ವಾ?

ಇನ್ನೊಂದು ವಿಷಯ, ಮಕ್ಕಳಲ್ಲಿ ಉಬ್ಬಸ ಜೋರಾಗುವುದು ಹೆಚ್ಚಾಗಿ ನೆಗಡಿಯ ವೈರಸ್‌ನಿಂದ. ಅದಕ್ಕೆ ಆಂಟಿಬಯಾಟಿಕ್ ಸುಮ್ನೆ ದಂಡ. ನಮ್ಮ ಬೀದಿಯ ಒಂದು ಕ್ಲಿನಿಕ್‌ನಲ್ಲಿ ನನ್ನ ಮಗಳಿಗೂ ಪ್ರತಿ ಸಲ ಅದೇ ಸಿರಪ್ ಬರೆದುಕೊಡುತ್ತಿದ್ದರು, ಭೇದಿ ಆಗಿದ್ದಷ್ಟೇ ಲಾಭ! ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸೋ ಕೊಳವೆ) ಹಾಕಿ ಇನ್‌ಹೇಲರ್ ಸರಿಯಾಗಿ ಕೊಡೋಕೆ ಶುರು ಮಾಡಿದ ಮೇಲೆ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲೂ ನಿದ್ದೆ ಮಾಡಿದಳು.

ಅಜಿತ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ಬಗ್ಗೆ ಓದಿದೆ ಅಂದಿರಿ. ನಿಜ, 2017ರ ಆಸ್ಟ್ರೇಲಿಯಾ ಪ್ರಯೋಗದಲ್ಲಿ ವಾರಕ್ಕೆ ಮೂರು ದಿನದಂತೆ 48 ವಾರ ಕೊಟ್ಟಾಗ ಉಬ್ಬಸ ಜೋರಾಗುವುದು ಕಡಿಮೆಯಾಗಿತ್ತು, ಆದರೆ ಅವರೆಲ್ಲ ದೊಡ್ಡವರು, ಇನ್‌ಹೇಲರ್ ತೆಗೆದುಕೊಂಡರೂ ಹತೋಟಿಗೆ ಬರದವರು. ಮಗನ ಇನ್‌ಹೇಲರ್ ಮಾತ್ರ ನೀವೇ ನಿಲ್ಲಿಸಬೇಡಿ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಇಲ್ಲಿ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಓಡಿ.