ಹಿತಕಿದ ಬೇಳೆಗೆ ಎಷ್ಟು ಪಾಯಿಂಟ್?

ಜನವರಿ ಮೊದಲ ವಾರ. ಬೆಂಗಳೂರಿನಲ್ಲಿ ಅವರೆಕಾಯಿ ಕಾಲ. ಆಪ್ತಸಲಹೆಗೆಂದು ಬಂದು ನನ್ನೆದುರು ಕೂತ ಹೆಂಗಸು ಮೊದಲು ಕೇಳಿದ್ದೇ ಇದು: "ಮೇಡಂ, ಹಿತಕಿದ ಬೇಳೆ ಸಾರು ತಿಂದರೆ ತಪ್ಪಾ?" ನಗುತ್ತಲೇ ಕೇಳಿದರು. ಕೇಳಿ ಮುಗಿಯುವಷ್ಟರಲ್ಲಿ ಕಣ್ಣು ತುಂಬಿತ್ತು.

ಅವರನ್ನು ವಿಮಲಾ ಎನ್ನೋಣ. ಹೆಸರು, ಬಡಾವಣೆ, ಕೆಲಸ ಎಲ್ಲ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ವಯಸ್ಸು ನಲವತ್ತರ ಹತ್ತಿರ. ಮನೆ ವಿಜಯನಗರದಲ್ಲಿ, ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಗಂಡ, ಹೈಸ್ಕೂಲ್ ಓದುವ ಮಗ, ಅತ್ತೆ. ಎತ್ತರ 156 ಸೆಂ.ಮೀ., ತೂಕ 71 ಕಿಲೋ. ಎತ್ತರಕ್ಕೆ ತೂಕ ಎಷ್ಟು ಎಂದು ಅಳೆಯುವ ಬಿಎಂಐ 29 ಆಯಿತು. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ಅಂದರೆ ತೂಕ ಇಳಿಸಬೇಕು ಅನ್ನುವ ಅವರ ಆಸೆ ಸುಮ್ನೆ ಹುಟ್ಟಿದ್ದಲ್ಲ. "ಇರೋ ಹಾಗೇ ಚೆನ್ನಾಗಿದ್ದೀರಿ" ಅಂದು ಕಳಿಸಿಬಿಡುವುದು ಸುಲಭ. ನನಗದು ಸರಿ ಅನಿಸುವುದಿಲ್ಲ.

ಕಷ್ಟ ಬೇರೆ ಕಡೆ ಇತ್ತು. ಅವರು ಎರಡು ಪಥ್ಯಗಳನ್ನು ಒಟ್ಟಿಗೆ ಹಿಡಿದಿದ್ದರು.

ಒಂದು, ನ್ಯೂಜೆರ್ಸಿಯಲ್ಲಿರುವ ಅಕ್ಕ ಕಳಿಸಿದ ಎಕ್ಸೆಲ್ ಹಾಳೆ. ತಿನ್ನುವ ಪ್ರತಿ ಪದಾರ್ಥಕ್ಕೂ ಪಾಯಿಂಟ್, ದಿನಕ್ಕೆ ಇಂತಿಷ್ಟು ಎಂಬ ಲೆಕ್ಕ. ವಿಮಲಾ ಅವರಿಗೆ 22. ಇದರ ಮೂಲ ವೇಟ್ ವಾಚರ್ಸ್. 1963ರಲ್ಲಿ ಜೀನ್ ನೈಡೆಚ್ ಎಂಬ ನ್ಯೂಯಾರ್ಕಿನ ಗೃಹಿಣಿ ತೂಕ ಇಳಿಸುವವರಿಗಾಗಿ ಕಟ್ಟಿದ ಸಂಸ್ಥೆ ಅದು. ಅಮೆರಿಕದಲ್ಲಿ ಅವರ ಪಾಯಿಂಟ್ ಪದ್ಧತಿ ಬಂದದ್ದು 1997ರಲ್ಲಿ. ಮೊದಲ ಸೂತ್ರ ಸರಳ: ಕ್ಯಾಲರಿಯನ್ನು 50ರಿಂದ ಭಾಗಿಸಿ, ಕೊಬ್ಬನ್ನು 12ರಿಂದ ಭಾಗಿಸಿ, ಎರಡನ್ನೂ ಕೂಡಿಸಿ, ನಾರಿಗೆ ಒಂದಿಷ್ಟು ಕಳೆಯುವುದು. ಆಮೇಲೆ ಸೂತ್ರ ಹಲವು ಸಲ ಬದಲಾಯಿತು. 2017ರ ಕೊನೆಗೆ ಮೊಟ್ಟೆ, ಮೀನು, ಕಾಳುಗಳೂ ಸೊನ್ನೆ ಪಾಯಿಂಟಿನ ಪಟ್ಟಿಗೆ ಬಂದವು. ಅಕ್ಕ ಹಳೇ ಸೂತ್ರಕ್ಕೆ ಹೊಸ ಸೊನ್ನೆ ಪಟ್ಟಿ ಅಂಟಿಸಿ ತಮ್ಮದೇ ಒಂದು ಹಾಳೆ ಮಾಡಿಕೊಂಡಿದ್ದರು. ಹಾಗೆ ಮಾಡಿ ಅಂತ ಆ ಸಂಸ್ಥೆಯೇನೂ ಹೇಳಿರಲಿಲ್ಲ.

ಇನ್ನೊಂದು, ಜಿಮ್ ಟ್ರೇನರ್ ಹೇಳಿದ ಲೋ ಕಾರ್ಬ್. ಕಾರ್ಬ್ ಅಂದರೆ ಅನ್ನ, ಮುದ್ದೆ, ಸಿಹಿಯಲ್ಲಿರುವ ಪಿಷ್ಟ ಮತ್ತು ಸಕ್ಕರೆ. ಅದು ದಿನಕ್ಕೆ 50 ಗ್ರಾಂ ದಾಟಬಾರದು.

ಎರಡೂ ಸೇರಿದರೆ ಬೇಗ ಇಳಿಯುತ್ತೆ ಅಲ್ವಾ ಎಂದು ಅವರ ಲೆಕ್ಕಾಚಾರ. ಆದರೆ ಈ ಎರಡು ಪದ್ಧತಿಗಳು ಒಂದಕ್ಕೊಂದು ಬೆನ್ನು ಹಾಕಿ ಕೂತಿರುವಂಥವು. ಒಂದು ದೊಡ್ಡ ಚಮಚ ತುಪ್ಪ ತಗೊಳ್ಳಿ. ಆ ಹಳೇ ಸೂತ್ರದಲ್ಲಿ ಸುಮಾರು 4 ಪಾಯಿಂಟ್. ಒಂದು ಬಟ್ಟಲು ಅನ್ನಕ್ಕೂ ಸುಮಾರು 4. ಪಾಯಿಂಟಿನವರಿಗೆ ಎರಡೂ ಒಂದೇ. ಲೋ ಕಾರ್ಬಿನವರಿಗೆ ತುಪ್ಪ ಸೊನ್ನೆ, ಅನ್ನ ನಲವತ್ತು ಗ್ರಾಂ ದಾಟಿದ ಅಪರಾಧ. ಹಣ್ಣು, ಕಾಳು ಅಲ್ಲಿ ಸೊನ್ನೆ, ಇಲ್ಲಿ ನಿಷೇಧ. ತೆಂಗಿನಕಾಯಿ, ಪನೀರ್ ಇಲ್ಲಿ ಧಾರಾಳ, ಅಲ್ಲಿ ದುಬಾರಿ.

ಈಗ ಹಿತಕಿದ ಬೇಳೆ ಸಾರು. ಬೇಳೆಗೆ ಟ್ರೇನರ್ ಬೇಡ ಅಂತಾರೆ. ರುಬ್ಬಿ ಹಾಕಿದ ಕಾಯಿಗೆ ಅಕ್ಕನ ಹಾಳೆ ಬೇಡ ಅನ್ನುತ್ತದೆ. ಜೊತೆಗೆ ಮುದ್ದೆಯೋ, ಅಕ್ಕಿ ರೊಟ್ಟಿಯೋ ಬೇಕೇ ಬೇಕು. ಅತ್ತೆ ಸಂಜೆಯಿಡೀ ಕೂತು ಹಿತಕಿದ ಬೇಳೆಯನ್ನು ಸೊಸೆ ಮುಟ್ಟಲಿಲ್ಲ. "ಏನಮ್ಮಾ, ನನ್ನ ಕೈ ಅಡುಗೆ ಅಷ್ಟು ಕೆಟ್ಟೋಯ್ತಾ?" ಅಂದರಂತೆ. ಅದೇ ರಾತ್ರಿ ಹನ್ನೊಂದೂವರೆಗೆ, ಎಲ್ಲರೂ ಮಲಗಿದ ಮೇಲೆ, ವಿಮಲಾ ಅಡುಗೆಮನೆಯಲ್ಲಿ ಲೈಟ್ ಹಾಕದೆ ನಿಂತು ಪಾತ್ರೆಗೇ ಕೈ ಹಾಕಿ ತಿಂದರು. ಸಾರು, ತಣ್ಣನೆ ಅನ್ನ, ಮಗನ ಚಕ್ಕುಲಿ ಡಬ್ಬ, ಕೊನೆಗೆ ಯಾರೋ ತಂದಿದ್ದ ಮೈಸೂರು ಪಾಕ್. ವಾರಕ್ಕೆ ಎರಡು ಸಲ ಹೀಗೆ. ಎರಡು ತಿಂಗಳಿಂದ.

ಹಗಲಲ್ಲಿ ಏನು ತಿನ್ನುತ್ತಿದ್ದರು? ಬೆಳಗ್ಗೆ ಎರಡು ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಕಾಯಿ ಹಾಕದ ಕೋಸಿನ ಪಲ್ಯ, ಸೌತೆಕಾಯಿ, ನೀರು ಮಜ್ಜಿಗೆ. ಸಂಜೆ ಸಕ್ಕರೆ, ಹಾಲು ಇಲ್ಲದ ಕಾಫಿ. ರಾತ್ರಿ ಎರಡು ತುಂಡು ಪನೀರ್. ಇಬ್ಬರೂ ಬೇಡ ಅನ್ನದೆ ಉಳಿಸಿದ್ದು ಅಷ್ಟೇ. ಆಮೇಲೆ ಡಯಟಿಷಿಯನ್ ಕೂಡಿ ನೋಡಿದಾಗ 700 ಕ್ಯಾಲರಿ ಚಿಲ್ಲರೆ ಬಂತು. 800ಕ್ಕಿಂತ ಕಡಿಮೆಯ ಊಟ ಡಾಕ್ಟರ ಕಣ್ಣಳತೆಯಲ್ಲಿ ಮಾತ್ರ ಮಾಡಬೇಕಾದದ್ದು. ಹಾಗಾಗಿ ರಾತ್ರಿ ಅಡುಗೆಮನೆಗೆ ಹೋಗುತ್ತಿದ್ದುದನ್ನು ನಾನು ಮನೋಬಲ ಇಲ್ಲದ್ದಕ್ಕೆ ಕಟ್ಟಲಿಲ್ಲ. ಹೊಟ್ಟೆ ತನ್ನ ಪಾಲು ಕೇಳುತ್ತಿತ್ತು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ತಿಂದದ್ದನ್ನು ಬರೆದಿಡಿ ಅಂದೆ. ಮುಂದಿನ ವಾರ ಮೂರು ಬಣ್ಣದ ಪೆನ್ನಿನಲ್ಲಿ ಬರೆದ ನೋಟ್‌ಬುಕ್ ಬಂತು. ಕೆಂಪು, ಹಸಿರು, ನೀಲಿ. ಲೆಕ್ಕದಿಂದ ನರಳುತ್ತಿದ್ದವರ ಕೈಗೆ ಇನ್ನೊಂದು ಲೆಕ್ಕದ ಪುಸ್ತಕ ಕೊಟ್ಟಿದ್ದೆ!

ಆದರೆ ಆ ಪುಸ್ತಕವೇ ಒಂದು ವಿಷಯ ತೋರಿಸಿತು. ದಿನದ ಕೊನೆಗೆ ಉಳಿದ ಪಾಯಿಂಟಿನ ಸುತ್ತ ಗುಂಡು ಸುತ್ತಿದ್ದರು. 11, 13, ಒಂದು ದಿನ 14. ಪಕ್ಕದಲ್ಲಿ ಪುಟ್ಟ ನಕ್ಷತ್ರ.

"ಇದೇನು?" ಅಂದೆ.

"ಉಳಿಸಿದ್ದು ಮೇಡಂ. ಮಾರ್ಕ್ಸ್ ಬಂದ ಹಾಗೆ ಅನಿಸುತ್ತೆ. ನಾನು ಸ್ಕೂಲಲ್ಲಿ ಯಾವಾಗಲೂ ಫಸ್ಟ್."

22 ಎಂಬುದು ಅವರು ತಿನ್ನಬೇಕಾದ ಊಟದ ಅಳತೆ. ಅದನ್ನವರು ತಿನ್ನದೆ ಗೆಲ್ಲಬೇಕಾದ ಪರೀಕ್ಷೆ ಮಾಡಿಕೊಂಡಿದ್ದರು. ಉಳಿದ ಪಾಯಿಂಟ್ ಚೀಟಿ ದುಡ್ಡಿನ ಹಾಗೆ ಬೆಳೆಯುತ್ತಿತ್ತು. ನಡುರಾತ್ರಿ ಅಡುಗೆಮನೆಯಲ್ಲಿ ಒಂದೇ ಸಲಕ್ಕೆ ಚೀಟಿ ಎತ್ತುತ್ತಿದ್ದರು.

ತಕ್ಕಡಿ ಇನ್ನೊಂದು ಆಟ ಆಡಿತ್ತು. ಲೋ ಕಾರ್ಬ್ ಶುರುವಾದ ಮೊದಲ ವಾರ ಎರಡೂವರೆ ಕಿಲೋ ಇಳಿಯಿತು. ಆಮೇಲೆ ನಿಂತಿತು. ಒಂದು ಭಾನುವಾರ ನೆಂಟರ ಮನೆಯಲ್ಲಿ ಮುದ್ದೆ ತಿಂದರು, ಸೋಮವಾರ ಒಂದೂವರೆ ಕಿಲೋ ಏರಿತ್ತು. ಆಫೀಸ್ ಬಸ್ಸಿನಲ್ಲಿ ಅತ್ತರಂತೆ. ಒಂದು ಮುದ್ದೆಯಿಂದ ಒಂದೂವರೆ ಕಿಲೋ ಕೊಬ್ಬು ಬರಲು ಸಾಧ್ಯವೇ ಇಲ್ಲ. ಲಿವರ್ ಮತ್ತು ಮಾಂಸಖಂಡಗಳಲ್ಲಿ ದೇಹ ಸಕ್ಕರೆಯನ್ನು ಸುಮಾರು ಅರ್ಧ ಕಿಲೋ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ, ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು. ಅನ್ನ, ಮುದ್ದೆ ಬಿಟ್ಟರೆ ಅದು ಖಾಲಿಯಾಗುತ್ತದೆ, ನೀರೂ ಹೋಗುತ್ತದೆ. ತಿಂದರೆ ಎರಡೂ ವಾಪಸ್ಸು. ಇದನ್ನು ಚಿತ್ರ ಬರೆದು ತೋರಿಸಿದೆ. "ಹಾಗಾದರೆ ನಾನು ಅತ್ತಿದ್ದು ನೀರಿಗಾ?" ಅಂದರು.

ಮಧ್ಯೆ ಒಂದು ಮಾತು ಕೇಳದೆ ಬಿಟ್ಟಿದ್ದರೆ ಅನಾಹುತ ಆಗುತ್ತಿತ್ತು. ಮನೆಯಲ್ಲಿ ಯಾರಿಗೆ ಶುಗರ್ ಇದೆ ಎಂದೆ. ಗಂಡನಿಗೆ. ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ. "ಅವರಿಗೂ ಒಳ್ಳೇದಲ್ವಾ ಅಂತ ನನ್ನದೇ ಊಟ ಹಾಕ್ತಿದೀನಿ." ಆ ವಾರ ಗಂಡ ಎರಡು ಸಲ ಬೆವೆತು, ಕೈ ನಡುಗಿ ಕೂತಿದ್ದರಂತೆ, ಬಿಸಿಲು ಅಂದುಕೊಂಡಿದ್ದರು. ಜನವರಿಯಲ್ಲಿ ಬಿಸಿಲು! ಆ ಮಾತ್ರೆ ಊಟ ಇರಲಿ ಬಿಡಲಿ ಇನ್ಸುಲಿನ್ ಸುರಿಸುತ್ತದೆ. ಕಾರ್ಬ್ ಏಕಾಏಕಿ ಕಡಿಮೆಯಾದರೆ ಶುಗರ್ ಕುಸಿಯಬಹುದು. ಹಾಗೆ ಆದಾಗ ಮೊದಲು ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕೊಡಿ ಎಂದೆ. ಅವತ್ತು ಮಧ್ಯಾಹ್ನವೇ ಅವರ ಡಾಕ್ಟರಿಗೆ ಫೋನ್ ಮಾಡಿಸಿದೆ. ಮಾತ್ರೆಯ ಪ್ರಮಾಣ ಬದಲಾಯಿತು. ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಬಿಡಬಾರದು. ಇದನ್ನು ಮಾತ್ರ ನಾನು ಯಾರಿಗೂ ಮೆತ್ತಗೆ ಹೇಳುವುದಿಲ್ಲ.

ವಿಮಲಾ ಅವರಿಗೆ ಕೂದಲು ಉದುರುತ್ತಿತ್ತು, ಮುಟ್ಟು ಹಿಂದೆ ಮುಂದೆ ಆಗುತ್ತಿತ್ತು. ರಕ್ತ ಪರೀಕ್ಷೆಗೆ ಕಳಿಸಿದೆ. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 10.4, ಹೆಂಗಸರಿಗೆ 12 ಬೇಕು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 5.9, ಶುಗರ್ ಕಾಯಿಲೆಯ ಹೊಸ್ತಿಲ ಹತ್ತಿರ. ಅಂದರೆ ಕಾರ್ಬ್ ಇಳಿಸಬೇಕು ಅನ್ನುವುದರಲ್ಲಿ ಟ್ರೇನರ್ ಪೂರ್ತಿ ತಪ್ಪಿರಲಿಲ್ಲ.

ನಾನು ಕೊಟ್ಟ ಸಲಹೆ ಅವರಿಗೆ ವಿಚಿತ್ರ ಅನಿಸಿತು. ಎರಡು ವಾರ ಕಾರ್ಬ್ ಲೆಕ್ಕ ಪೂರ್ತಿ ಬಂದ್. ಪಾಯಿಂಟ್ ಹಾಳೆ ಇರಲಿ, ಆದರೆ ರಾತ್ರಿ ಮಲಗುವ ಹೊತ್ತಿಗೆ ಒಂದು ಪಾಯಿಂಟೂ ಉಳಿದಿರಬಾರದು. ಉಳಿದರೆ ಆ ದಿನ ಫೇಲ್. ಫಸ್ಟ್ ಬರುವವರಿಗೆ ಇಂಥದ್ದು ಕೆಲಸ ಮಾಡುತ್ತದೆ ಎಂದು ನನ್ನ ಊಹೆ. ಮೊದಲ ನಾಲ್ಕು ದಿನ ಫೇಲಾದರು. ಐದನೇ ದಿನ ಮಧ್ಯಾಹ್ನದ ಪಲ್ಯಕ್ಕೆ ಕಾಯಿ ಬಿತ್ತು. ಎರಡು ವಾರದಲ್ಲಿ ನಡುರಾತ್ರಿ ತಿಂದದ್ದು ಒಂದೇ ಸಲ. ವಾರಕ್ಕೆ ಒಮ್ಮೆಯಂತೆ ಮೂರು ತಿಂಗಳು ಹೀಗೇ ನಡೆದರೆ ಅದಕ್ಕೆ ಕಾಯಿಲೆಯ ಹೆಸರೇ ಇದೆ, ಆಗ ಮನೋವೈದ್ಯರ ಹತ್ತಿರ ಹೋಗೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಅಲ್ಲಿಗೆ ಹೋಗಲಿಲ್ಲ.

ಆಮೇಲೆ ಹಾಳೆಯನ್ನೂ ಮುಚ್ಚಿಸಿದೆ. ಏನು ತಿನ್ನಬೇಕು ಎಂದು ಹೇಳುವುದು ನನ್ನ ಕೆಲಸವಲ್ಲ, ಡಯಟಿಷಿಯನ್ ಕೆಲಸ. ಅವರು ದಿನಕ್ಕೆ 130 ಗ್ರಾಂ ಒಳಗೆ ಕಾರ್ಬ್ ಇಟ್ಟರು. ಬೆಳಗ್ಗೆ ಎರಡು ಇಡ್ಲಿ, ಕಾಳು ಹಾಕಿದ ಸಾಂಬಾರ್, ಒಂದು ಮೊಟ್ಟೆ. ಮಧ್ಯಾಹ್ನ ಕಿತ್ತಳೆ ಗಾತ್ರದ ಮುದ್ದೆ, ಬಸ್ಸಾರು, ಪಲ್ಯ, ಮೊಸರು. ಸಂಜೆ ಸೀಬೆಹಣ್ಣು. ರಾತ್ರಿ ಒಂದೇ ಚಪಾತಿ, ಸೊಪ್ಪು ಜಾಸ್ತಿ. ಜೊತೆಗೆ ಕಬ್ಬಿಣದ ಮಾತ್ರೆ. ಎರಡು ಪದ್ಧತಿಗಳೂ ಒಪ್ಪುವ ಸೊಪ್ಪು, ತರಕಾರಿ, ಮೊಟ್ಟೆ ತಟ್ಟೆಯ ತುಂಬ ಉಳಿದವು. ಜಗಳ ಇದ್ದ ಕಡೆ ಒಬ್ಬರ ಮಾತು ಮಾತ್ರ ಕೇಳಬೇಕು. ಒಂದು ಮನೆಗೆ ಒಬ್ಬರೇ ಯಜಮಾನಿ ಅಲ್ವಾ ಎಂದೆ. "ನಮ್ಮನೇಲಿ ಅತ್ತೆ ಇದ್ದಾರಲ್ಲ ಮೇಡಂ" ಅಂದರು. ಜೋರಾಗಿ ನಕ್ಕಿದ್ದು ಅವತ್ತೇ.

ಐದು ತಿಂಗಳಲ್ಲಿ 4 ಕಿಲೋ ಇಳಿಯಿತು. ಟ್ರೇನರ್‌ಗೆ ಸಮಾಧಾನ ಇಲ್ಲ. ಅಕ್ಕ ಹೊಸ ಹಾಳೆ ಕಳಿಸಿದ್ದಾರೆ, ಇನ್ನೂ ತೆರೆದಿಲ್ಲವಂತೆ. ಮೇ ತಿಂಗಳಲ್ಲಿ ಭೇಟಿ ನಿಲ್ಲಿಸಿದೆವು.

ಡಿಸೆಂಬರ್ ಕೊನೆಗೆ ಫೋನ್ ಬಂತು. ಮಾರ್ಕೆಟ್ಟಿಗೆ ಸೊಗಡಿನ ಅವರೆ ಬಂದಿದೆ, ನೆನ್ನೆ ಹಿತಕಿದ ಬೇಳೆ ಸಾರು, ಎಲ್ಲರ ಜೊತೆ ಕೂತು ತಿಂದೆ ಎಂದರು. ಕಾಯಿ ಎಷ್ಟು ಹಾಕಿದ್ದರು ಎಂದು ಬೇಕಂತಲೇ ಕೇಳಿದೆ.

"ಗೊತ್ತಿಲ್ಲ ಮೇಡಂ. ರುಬ್ಬಿದ್ದು ಅತ್ತೆ."