ಜಾವಾದ ತೊಗಲುಗೊಂಬೆ ಆಟ ನೋಡಲು ಗೆಳೆಯರೆಲ್ಲ ಹೊರಟಿದ್ದೇವೆ. ಎಲ್ಲಿ ನೋಡಬೇಕು, ಯಾವ ಕಡೆ ಕೂರಬೇಕು?

ಐದು ಜನ, ಒಂದು ವಾರ, ಇಂಡೊನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತ ಮತ್ತು ಸೋಲೋ ಎರಡೇ ಊರು. ಮ್ಯೂಸಿಯಂನಲ್ಲಿ ನಡೆಯುವ ಎರಡು ಗಂಟೆಯ ವಯಾಂಗ್ ಕುಲಿತ್ (ಜಾವಾದ ತೊಗಲುಗೊಂಬೆ ಆಟ) ಸಾಕಾ, ಬೆಳತನಕದ ಆಟಕ್ಕೇ ಹೋಗಬೇಕಾ ಎಂದು ಕೇಳಿದ್ದೀರಿ. ಎರಡಕ್ಕೂ ಹೋಗಿ, ಆದರೆ ಮೊದಲು ಮ್ಯೂಸಿಯಂ, ಮಧ್ಯೆ ಗೊಂಬೆ ಕೊರೆಯುವ ಹಳ್ಳಿ, ಕೊನೆಗೆ ಪೂರ್ತಿ ರಾತ್ರಿ. ಇಳಿದ ದಿನವೇ ಬೆಳತನಕದ ಆಟಕ್ಕೆ ಹೋದರೆ ಹನ್ನೊಂದು ಗಂಟೆಗೆ ಐವರೂ ತೂಕಡಿಸುತ್ತಿರುತ್ತೀರಿ.

ಟಿಕೆಟ್ ಮಾಡಿಸುವ ಮೊದಲು ತಿಂಗಳು ನೋಡಿ. ರಂಜಾನ್‌ನಲ್ಲಿ ಆಟಗಳು ಹೆಚ್ಚುಕಡಿಮೆ ನಿಂತೇ ಹೋಗುತ್ತವೆ, ಆಗ ಹೋಗಲೇಬೇಡಿ. ಜಾವಾ ಪಂಚಾಂಗದ ಮೊದಲ ತಿಂಗಳು ಸುರೊ. ನಮ್ಮ ಆಷಾಢದ ಹಾಗೆ ಆಗ ಮದುವೆ ಮಾಡುವುದಿಲ್ಲ, ಆದರೆ ಊರಹಬ್ಬಕ್ಕೆ, ಗ್ರಹಚಾರ ಕಳೆಯುವ ರುವತಾನ್ ವಿಧಿಗೆ ಆಟ ಕಟ್ಟಿಸುವವರು ಬಹಳ. ಸುರೊ ಶುರುವಾಗುವುದು ಮೊಹರಂ ಜೊತೆಗೆ, ಹಾಗಾಗಿ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಜೂನ್ ಮಧ್ಯಕ್ಕೆ ಬೀಳುತ್ತದೆ, ಅದು ಅಲ್ಲಿ ಒಣಗಾಲ. ಬಯಲಲ್ಲಿ ಕೂರುವವರಿಗೆ ಇಷ್ಟು ಅನುಕೂಲ ಪ್ರತಿ ವರ್ಷ ಸಿಗುವುದಿಲ್ಲ.

ಭಾರತದ ಪಾಸ್‌ಪೋರ್ಟ್‌ಗೆ 30 ದಿನದ ವೀಸಾ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ, ಶುಲ್ಕ 5 ಲಕ್ಷ ರುಪಿಯಾ. ಯೋಗ್ಯಕರ್ತದ ಹೊಸ ವಿಮಾನ ನಿಲ್ದಾಣ ಊರಿನಿಂದ ದೂರ, ಕುಲೊನ್ ಪ್ರೊಗೊದಲ್ಲಿದೆ. ಅಲ್ಲಿಂದ ಊರೊಳಗಿನ ತುಗು ನಿಲ್ದಾಣಕ್ಕೆ ರೈಲಿದೆ, ಟ್ಯಾಕ್ಸಿಗಿಂತ ಅದೇ ವಾಸಿ. ಸೋಲೋಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ.

ಮೊದಲ ಸಂಜೆಗೆ ಯೋಗ್ಯಕರ್ತದ ಸೊನೊಬುದೊಯೊ ಮ್ಯೂಸಿಯಂ, ಅರಮನೆಯ ಉತ್ತರ ಮೈದಾನದ ಪಕ್ಕದಲ್ಲಿದೆ. ಆಟ ರಾತ್ರಿ 8ಕ್ಕೆ ಶುರುವಾಗಿ ಸುಮಾರು ಎರಡು ಗಂಟೆ ನಡೆಯುತ್ತದೆ, ರಾಮಾಯಣದ ಒಂದೊಂದು ತುಂಡು. ವಾರದ ರಜೆ ಯಾವಾಗ ಎಂಬುದು ಬದಲಾಗುತ್ತಿರುತ್ತದೆ, ಹೊರಡುವ ವಾರ ಅವರ ಇನ್‌ಸ್ಟಾಗ್ರಾಮ್ ಪುಟ ನೋಡಿಕೊಳ್ಳಿ. ಆ ಎರಡು ಗಂಟೆಯಲ್ಲಿ ಕಥೆ ಹಿಂಬಾಲಿಸಲು ಒದ್ದಾಡಬೇಡಿ, ಯಾವ ವಸ್ತು ಎಲ್ಲಿದೆ ಎಂದು ಗುರುತು ಹಿಡಿದರೆ ಸಾಕು. ಬಿಳಿ ಪರದೆ ಕೆಲಿರ್. ಅದರ ಬುಡಕ್ಕೆ ಅಡ್ಡ ಮಲಗಿಸಿದ ಬಾಳೆದಿಂಡು, ಗೊಂಬೆಯ ಕೋಲಿನ ಚೂಪು ತುದಿಯನ್ನು ಅದಕ್ಕೇ ಚುಚ್ಚಿ ನಿಲ್ಲಿಸುತ್ತಾರೆ. ತಲೆಯ ಮೇಲೆ ತೂಗುವ ದೀಪ ಬ್ಲೆನ್ಚೊಂಗ್, ಹಿಂದೆ ಎಣ್ಣೆಯದು, ಈಗ ವಿದ್ಯುತ್ತಿನದು. ಆಡಿಸುವವನು ದಾಲಾಂಗ್, ಅವನ ಹಿಂದೆ ಗಮೆಲಾನ್ ವಾದ್ಯದವರು ಮತ್ತು ಹಾಡುವ ಸಿಂಧೆನ್ ಹೆಂಗಸರು.

ಇನ್ನು ಕೂರುವ ಜಾಗ. ನೆರಳಿನಾಟ ಎಂದು ಕೇಳಿ ಹೋದವರು ಸೀದಾ ನೆರಳಿನ ಕಡೆ ಹೋಗಿ ಕೂತುಬಿಡುತ್ತಾರೆ. ನಮ್ಮ ತೊಗಲುಗೊಂಬೆ ಆಟ ನೋಡಿದವರಿಗೆ ಅದೇ ರೂಢಿ, ಏಕೆಂದರೆ ನಮ್ಮಲ್ಲಿ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿರುತ್ತಾರೆ, ಕೆಂಪು ಹಸಿರು ಎಲ್ಲ ಪರದೆಯ ಮೇಲೇ ಮೂಡುತ್ತದೆ. ಜಾವಾದ್ದು ಎಮ್ಮೆ ಚರ್ಮ, ದಪ್ಪ, ಮೇಲೆ ಒತ್ತಾದ ಬಣ್ಣ. ಬೆಳಕು ಹಾಯುವುದು ಕೊರೆದ ತೂತುಗಳಲ್ಲಿ ಮಾತ್ರ, ನೆರಳು ಕಪ್ಪು. ಗೊಂಬೆಯ ಚಿನ್ನ, ಮುಖದ ಬಣ್ಣ, ಆಡಿಸುವವನ ಕೈ ಎಲ್ಲ ಕಾಣುವುದು ದಾಲಾಂಗ್ ಬೆನ್ನ ಹಿಂದಿನಿಂದ. ಜಾವಾದವರೂ ಇವತ್ತು ಹೆಚ್ಚಾಗಿ ಅಲ್ಲೇ ಕೂರುತ್ತಾರೆ. ನೀವೂ ಅಲ್ಲೇ ಕೂತು, ಯುದ್ಧದ ಭಾಗ ಬಂದಾಗ ಹತ್ತು ನಿಮಿಷ ಎದ್ದು ನೆರಳಿನ ಕಡೆ ಹೋಗಿ ಬನ್ನಿ. ಗೊಂಬೆಯನ್ನು ಪರದೆಯಿಂದ ದೀಪದ ಕಡೆ ಎಳೆದಾಗ ನೆರಳು ಹಿಗ್ಗಿ ಮಸುಕಾಗುವುದು, ಪರದೆಗೆ ಒತ್ತಿದಾಗ ಮತ್ತೆ ಚೂಪಾಗುವುದು ಅಲ್ಲಿಂದಲೇ ನೋಡುವ ಸಂಗತಿ.

ಬೆನ್ನ ಹಿಂದೆ ಕೂತರೆ ದಾಲಾಂಗ್‌ನ ಬಲಗಾಲನ್ನು ಗಮನಿಸಿ. ಎಡಕ್ಕೆ ಗೊಂಬೆಗಳ ಮರದ ಪೆಟ್ಟಿಗೆ, ಅದಕ್ಕೆ ತೂಗುಹಾಕಿದ ಲೋಹದ ಫಲಕಗಳು ಕೆಪ್ಯಾಕ್. ಎರಡೂ ಕೈಯಲ್ಲಿ ಗೊಂಬೆ ಇದ್ದಾಗ ಆ ಪಾದವೇ ಫಲಕಕ್ಕೆ ಬಡಿದು ಹೊಡೆತದ ಸದ್ದು ಕೊಡುತ್ತದೆ. ಕೈ ಬಿಡುವಾದರೆ ಎಡಗೈಯಲ್ಲಿ ಚೆಂಪಾಲಾ ಎಂಬ ಮರದ ಗೂಟ ಹಿಡಿದು ಪೆಟ್ಟಿಗೆಗೆ ಕುಟ್ಟುತ್ತಾನೆ. ಗಮೆಲಾನ್‌ನವರು ಎತ್ತಬೇಕಾ, ಇಳಿಸಬೇಕಾ, ನಿಲ್ಲಿಸಬೇಕಾ ಎಂಬುದೆಲ್ಲ ಈ ಕುಟ್ಟುವಿಕೆಯಲ್ಲೇ ಇದೆ. ಒಮ್ಮೆ ಇದು ಕಿವಿಗೆ ಹತ್ತಿದರೆ ಮಾತು ಅರ್ಥವಾಗದಿದ್ದರೂ ಆಟದ ಏರಿಳಿತ ತಿಳಿಯುತ್ತದೆ.

ಬೆಳತನಕದ ಆಟ ಸುಮಾರು 9ಕ್ಕೆ ಶುರು. ಅದಕ್ಕೆ ಅರ್ಧ ಗಂಟೆ ಮೊದಲೇ ಗಮೆಲಾನ್ ಕೇಳಿಸುತ್ತದೆ, ಆಗಲೇ ಹೋದರೆ ಒಳ್ಳೆಯ ಜಾಗ. ರಾತ್ರಿ ಮೂರು ಪಾಲು: ನಡುರಾತ್ರಿವರೆಗೆ ಪತೆತ್ ನೆಮ್, ಆಮೇಲೆ ಮೂರರವರೆಗೆ ಪತೆತ್ ಸಾಂಗಾ, ಬೆಳಗಿನವರೆಗೆ ಪತೆತ್ ಮನ್ಯುರಾ. ಮೊದಲ ಪಾಲು ಆಸ್ಥಾನದ ವರ್ಣನೆ, ಉದ್ದುದ್ದ ಸಂಭಾಷಣೆ. ಹೊಸಬರ ತಾಳ್ಮೆ ಹೋಗುವುದು ಇಲ್ಲೇ. ಮಧ್ಯಾಹ್ನ ಮೂರು ನಾಲ್ಕು ಗಂಟೆ ನಿದ್ದೆ ತೆಗೆದು ಹೋಗಿ, ಇಲ್ಲದಿದ್ದರೆ ಇದನ್ನು ದಾಟುವುದಿಲ್ಲ. ನಡುರಾತ್ರಿಯ ಹೊತ್ತಿಗೆ ಗೊರೊ-ಗೊರೊ. ಸೆಮಾರ್ ಮತ್ತು ಅವನ ಮಕ್ಕಳಾದ ಗಾರೆಂಗ್, ಪೆತ್ರುಕ್, ಬಗೊಂಗ್ ಬಂದು ಹಾಸ್ಯ, ಹಾಡು, ಊರ ರಾಜಕೀಯ ಎಲ್ಲ ಎತ್ತಿಕೊಳ್ಳುತ್ತಾರೆ. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ, ನಿಮಗೆ ಒಂದಕ್ಷರ ತಿಳಿಯುವುದಿಲ್ಲ. ಫೋನಿನ ಅನುವಾದವನ್ನೂ ನಂಬಬೇಡಿ, ಅಲ್ಲಿ ಆಡುವುದು ಇಂಡೊನೇಷ್ಯನ್ ಅಲ್ಲ, ಜಾವಾನೀಸ್. ಚಹಾ ಕುಡಿದು ಬರಲು ಇದೇ ಹೊತ್ತು.

ಆದರೆ ಅದರ ಬೆನ್ನಿಗೇ ಬರುವ ಪೆರಾಂಗ್ ಕೆಂಬಾಂಗ್ ಕಾಳಗ ಮಾತ್ರ ತಪ್ಪಿಸಿಕೊಳ್ಳಬೇಡಿ. ಒಂದು ಕಡೆ ಅರ್ಜುನನಂಥ ನಯದ ಕ್ಷತ್ರಿಯ, ತಲೆ ಬಗ್ಗಿಸಿ ಹೆಚ್ಚುಕಡಿಮೆ ಅಲುಗಾಡದೆ ನಿಂತಿರುತ್ತಾನೆ. ಇನ್ನೊಂದು ಕಡೆ ಕೆಳದವಡೆ ಮುಂದಕ್ಕೆ ಚಾಚಿದ ಚಾಕಿಲ್ ರಾಕ್ಷಸ, ಎಗರಿ, ತಿರುಗಿ, ಮೇಲೆ ಬೀಳುತ್ತಾನೆ. ಸಾಮಾನ್ಯವಾಗಿ ರಾಕ್ಷಸ ಗೊಂಬೆಗೆ ಆಡುವ ಕೈ ಒಂದೇ, ಚಾಕಿಲ್‌ಗೆ ಎರಡು. ಕೊನೆಗೆ ತನ್ನದೇ ಕ್ರಿಸ್ ಕತ್ತಿಗೆ ತಾನೇ ಬಲಿ. ನನ್ನ ಮಟ್ಟಿಗೆ ದಾಲಾಂಗ್ ಎಷ್ಟರವನು ಎಂದು ಅಳೆಯಲು ಈ ಒಂದು ಕಾಳಗ ಸಾಕು. ಗೊಂಬೆ ಕುಣಿಸುವುದಕ್ಕೇ ಹೆಸರಾಗಿದ್ದವರು 2021ರಲ್ಲಿ ತೀರಿಕೊಂಡ ಕಿ ಮಂತೆಬ್ ಸುದರ್ಸೊನೊ. ಅವರ ಆಟಗಳು ಯೂಟ್ಯೂಬಿನಲ್ಲಿವೆ, ಹೊರಡುವ ಮೊದಲು ಯುದ್ಧದ ಭಾಗ ಒಂದಾದರೂ ನೋಡಿ.

ಮಹಾಭಾರತ ಗೊತ್ತಿದೆ ಎಂಬ ಧೈರ್ಯ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಧರ್ಮರಾಯ ಅಲ್ಲಿ ಪುಂತದೇವ, ಭೀಮ ವೆರ್ಕುದರ, ಅರ್ಜುನ ಜನಕ, ದುರ್ಯೋಧನ ಸುಯುದಾನ. ದ್ರೌಪದಿ ಪುಂತದೇವನೊಬ್ಬನ ಹೆಂಡತಿ. ಶಿಖಂಡಿ ಅಲ್ಲಿ ಶ್ರೀಕಂಡಿ, ಬಿಲ್ಲು ಹಿಡಿದ ಹೆಂಗಸು, ಅರ್ಜುನನ ಮಡದಿ. ಗೊಂಬೆ ಗುರುತಿಸಲು ಮೊದಲು ಕಣ್ಣು ನೋಡಿ: ಸೀಳುಗಣ್ಣು, ಬಗ್ಗಿದ ಮುಖ ಎಂದರೆ ನಯದ ಪಾತ್ರ, ದುಂಡುಗಣ್ಣು, ದೊಡ್ಡ ಮೈ ಎಂದರೆ ಬಲದ ಪಾತ್ರ. ಚೌಕುಳಿ ಬಟ್ಟೆ, ಉದ್ದನೆಯ ಹೆಬ್ಬೆರಳ ಉಗುರು ಕಂಡರೆ ಭೀಮ. ಒಳ್ಳೆಯವರು ಸಾಮಾನ್ಯವಾಗಿ ದಾಲಾಂಗ್‌ನ ಬಲಕ್ಕೆ. ನೆರಳಿನ ಕಡೆ ಹೋದಾಗ ಇದು ತಿರುಗುಮುರುಗಾಗುತ್ತದೆ, ಗಲಿಬಿಲಿಯಾಗುವುದು ಅಲ್ಲಿಯೇ.

ಹಳ್ಳಿಯ ಆಟಕ್ಕೆ ಟಿಕೆಟ್ ಇರುವುದಿಲ್ಲ, ಯಾರು ಬೇಕಾದರೂ ಹೋಗಬಹುದು. ಎಲ್ಲಿದೆ ಎಂದು ತಿಳಿಯಲು ಇಳಿದುಕೊಂಡ ಮನೆಯವರನ್ನು ಕೇಳಿ, ರಸ್ತೆಬದಿಯ ಬ್ಯಾನರ್ ನೋಡಿ, ‘ಜದ್ವಲ್ ವಯಾಂಗ್’ (jadwal wayang, ಆಟದ ವೇಳಾಪಟ್ಟಿ) ಎಂದು ಊರ ಹೆಸರಿನ ಜೊತೆ ಇಂಟರ್‌ನೆಟ್‌ನಲ್ಲಿ ಹುಡುಕಿ. ನಸುಕಿನಲ್ಲಿ ಹಳ್ಳಿಯಿಂದ ವಾಪಸಾಗಲು ಆ್ಯಪ್ ಟ್ಯಾಕ್ಸಿ ಸಿಗುವುದು ಕಷ್ಟ, ಐದು ಜನ ಸೇರಿ ಡ್ರೈವರ್ ಸಮೇತ ಕಾರನ್ನು ರಾತ್ರಿಗೆಂದೇ ಗೊತ್ತುಮಾಡಿಕೊಳ್ಳಿ. ಕಟ್ಟೆ ಹತ್ತುವಾಗ ಚಪ್ಪಲಿ ಬಿಡಿ. ಗಮೆಲಾನ್ ವಾದ್ಯಗಳನ್ನು ಯಾವ ಕಾರಣಕ್ಕೂ ದಾಟಬೇಡಿ, ಸುತ್ತಿ ಹೋಗಿ. ಫ್ಲ್ಯಾಶ್ ಹೊಡೆದರೆ ಪರದೆ ಬೆಳ್ಳಗಾಗಿ ನೆರಳೇ ಬರುವುದಿಲ್ಲ, ಸುತ್ತಲಿನವರಿಗೂ ಕಿರಿಕಿರಿ. ವಿಡಿಯೊದಲ್ಲಿ ಪಟ್ಟೆ ಪಟ್ಟೆ ಓಡಿದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ಸ್ಪೀಕರ್‌ಗಳ ಅಬ್ಬರ ಜೋರು, ಕಿವಿಗೆ ಹತ್ತಿ ಇರಲಿ.

ಸಸ್ಯಾಹಾರಿಗಳಿದ್ದರೆ ಒಂದು ಎಚ್ಚರಿಕೆ. ಯೋಗ್ಯಕರ್ತದ ಗುದೆಗ್ ಹಲಸಿನಕಾಯಿಯದು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಜೊತೆಗೆ ಬಡಿಸುವ ಕ್ರೆಚೆಕ್ ಚರ್ಮದ್ದು! ಗೊಂಬೆಯಾಗದ ತೊಗಲು ತಟ್ಟೆಗೆ ಬಂತು ಎನ್ನಬೇಕು. ಚಟ್ನಿಯಲ್ಲಿ ತೆರಾಸಿ ಇರುತ್ತದೆ, ಅದು ಸೀಗಡಿ. ತೆಂಪೆ (ಹುದುಗಿಸಿದ ಸೋಯಾ) ಮತ್ತು ಬೇಯಿಸಿದ ಸೊಪ್ಪು ಆರಿಸಿಕೊಂಡು ‘ತಾನ್‌ಪಾ ತೆರಾಸಿ’, ಅಂದರೆ ತೆರಾಸಿ ಇಲ್ಲದೆ, ಎಂದು ಹೇಳಿ. ಆಟದ ಬಯಲಲ್ಲಿ ಬೇಯಿಸಿದ ಕಡಲೆಕಾಯಿ, ಶುಂಠಿಯ ವೆದಾಂಗ್ ರೊಂಡೆ ಸಿಗುತ್ತದೆ.

ಗೊಂಬೆ ಕೊರೆಯುವುದನ್ನು ನೋಡಲು ಯೋಗ್ಯಕರ್ತದ ದಕ್ಷಿಣಕ್ಕೆ ಇಮೊಗಿರಿ ಬಳಿಯ ಪುಚುಂಗ್ ಹಳ್ಳಿ ಹತ್ತಿರವಾಗುತ್ತದೆ. ಸೋಲೋ ಕಡೆಯಿಂದಾದರೆ ವೊನೊಗಿರಿಯ ಕೆಪುಹ್‌ಸಾರಿ, ಇದಕ್ಕೆ ಪೂರ್ತಿ ಒಂದು ದಿನ ಇಡಿ. ಚರ್ಮವನ್ನು ನೆನೆಸಿ, ಚೌಕಟ್ಟಿಗೆ ಬಿಗಿದು, ಕೂದಲು ಹೆರೆದು ಒಣಗಿಸಿರುತ್ತಾರೆ. ಅದನ್ನು ಮರದ ಹಲಗೆಯ ಮೇಲಿಟ್ಟು, ಉಳಿಯನ್ನು ನೆಟ್ಟಗೆ ಹಿಡಿದು ಕುಟ್ಟುತ್ತಾರೆ. ಕಲಿಯುವವರು ಕೆಡಿಸುವುದು ಎರಡು ಕಡೆ. ಉಳಿ ವಾಲಿದರೆ ಅಡಿಭಾಗದ ಅಂಚು ಹರಿಯುತ್ತದೆ, ಜೋರಾಗಿ ಕುಟ್ಟಿದರೆ ಉಳಿ ಹಲಗೆಗೆ ಕಚ್ಚಿ ತುದಿ ಮುರಿಯುತ್ತದೆ. ಮುಖ ಕೊರೆಯುವುದು ಎಲ್ಲಕ್ಕಿಂತ ಕೊನೆಗೆ, ಅದು ಪಳಗಿದ ಕೈಯ ಕೆಲಸ.

ಕೊಳ್ಳುವುದಿದ್ದರೆ ಇಂಥ ಹಳ್ಳಿಯಲ್ಲೇ ಕೊಳ್ಳಿ. ಅರಮನೆಯ ಸುತ್ತ ‘ಇವತ್ತೇ ಪ್ರದರ್ಶನದ ಕೊನೆ ದಿನ’ ಎಂದು ಕರೆದೊಯ್ಯುವವರ ಹಿಂದೆ ಹೋಗಬೇಡಿ. ಗೊಂಬೆಯನ್ನು ಬೆಳಕಿಗೆ ಹಿಡಿದು ಕೂದಲಿನ ಸುರುಳಿಗಳನ್ನು ನೋಡಿ, ಪ್ರತಿ ತೂತೂ ಚೊಕ್ಕವಾಗಿರಬೇಕು. ಹಿಡಿಕೋಲು ಎಮ್ಮೆ ಕೊಂಬಿನದಾದರೆ ಮೈಯ ಬಳುಕಿಗೆ ತಕ್ಕಂತೆ ಕಾಯಿಸಿ ಬಾಗಿಸಿರುತ್ತಾರೆ, ಅಗ್ಗದ್ದಕ್ಕೆ ಬಿದಿರು ಅಥವಾ ಪ್ಲಾಸ್ಟಿಕ್. ಚಿನ್ನದ ಬಣ್ಣ ‘ಪ್ರಾದಾ’ನಾ ‘ಬ್ರೋಮ್’ಆ ಎಂದು ಕೇಳಿ, ಪ್ರಾದಾ ಚಿನ್ನದ ರೇಕು, ಬ್ರೋಮ್ ಕಂಚಿನ ಪುಡಿ, ಕಾಲಕ್ರಮೇಣ ಕಪ್ಪಾಗುತ್ತದೆ. ತರುವಾಗ ಎರಡು ರಟ್ಟಿನ ಮಧ್ಯೆ ಚಪ್ಪಟೆಯಾಗಿ ಕಟ್ಟಿ ಚೆಕ್-ಇನ್‌ಗೆ ಹಾಕಿ, ಕೋಲಿನ ತುದಿ ಚೂಪು, ಕ್ಯಾಬಿನ್‌ಗೆ ಬಿಡಲಿಕ್ಕಿಲ್ಲ. ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಹತ್ತಿಬಟ್ಟೆ ಸುತ್ತಿ, ಮಲಗಿಸಿ ಇಡಿ.