ಎದೆಬಡಿತ ಏರಿದಾಗ ಔಷಧವಿಲ್ಲದ ಉಪಾಯ

ಪ್ರಶ್ನೆ: ನನ್ನ ಪತ್ನಿಗೆ ಹೃದಯ ಅತಿವೇಗವಾಗಿ ಬಡಿಯುವ ತೊಂದರೆಯಾದ ಎಸ್‌ವಿಟಿ ಇದೆಯೆಂದು ಇಸಿಜಿಯಲ್ಲಿ ಗೊತ್ತಾಗಿದೆ. ಹಠಾತ್ತನೆ ಏರುವ ಎದೆಬಡಿತವನ್ನು ಮಾತ್ರೆಯಿಲ್ಲದೆ ತಗ್ಗಿಸಬಹುದೇ?

ಉತ್ತರ: ಹಲವು ಸಲ ಸಾಧ್ಯ. ಅವರು ಅರೆ ಒರಗಿ ಕುಳಿತು, 10 ಎಂಎಲ್ ಖಾಲಿ ಸಿರಿಂಜಿನ ಪಿಸ್ಟನ್ ಅಲುಗಾಡುವಷ್ಟು ಬಲವಾಗಿ 15 ಸೆಕೆಂಡು ಊದಿ, ಕೂಡಲೇ ಅಂಗಾತ ಮಲಗಬೇಕು. ನೀವು ಅವರ ಕಾಲುಗಳನ್ನು 45 ಡಿಗ್ರಿ ಎತ್ತಿ 15 ಸೆಕೆಂಡು ಹಿಡಿದರೆ, ಎದೆಬಡಿತವನ್ನು ತಗ್ಗಿಸುವ ವೇಗಸ್ ನರ ಚುರುಕಾಗಿ, ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಸಂಕೇತ ದಾಟಿಸುವ ಎವಿ ನೋಡ್‌ನಲ್ಲಿ ವಿದ್ಯುತ್ ಸಂಕೇತ ನಿಧಾನಗೊಂಡು, ತಪ್ಪು ಲಯ ಕಡಿದುಹೋಗಬಹುದು. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಹೀಗೆ ಶೇ 43ರಷ್ಟು ರೋಗಿಗಳ ಲಯ ಸರಿಹೋಯಿತು. ಕಾಲೆತ್ತದ ಹಳೆಯ ಕ್ರಮದಲ್ಲಿ ಅದು ಶೇ 17 ಮಾತ್ರ. ಆದರೂ ಮೊದಲು ವೈದ್ಯರೆದುರೇ ಕಲಿಯಿರಿ. ಕತ್ತಿನ ರಕ್ತನಾಳವನ್ನು ಮನೆಯಲ್ಲಿ ಎಂದೂ ಒತ್ತಬೇಡಿ, ಪಾರ್ಶ್ವವಾಯುವಿನ ಅಪಾಯವಿದೆ. ಎದೆನೋವು, ಉಸಿರುಗಟ್ಟುವಿಕೆ ಅಥವಾ ಕಣ್ಣು ಕತ್ತಲಿಡುವುದು ಕಂಡರೆ ಇದರಲ್ಲಿ ಕಾಲ ಕಳೆಯದೆ 108ಕ್ಕೆ ಕರೆಮಾಡಿ.